ಬಿಲ್ ಸರಿ ಇತ್ತು, ಕೆಲಸ ಏನು ಅಂತ ಮಾತ್ರ ಬರೆದಿರಲಿಲ್ಲ

ಲೀಗಲ್ ಹೋಲ್ಡ್ ಅನ್ನೋ ಸಬ್ಜೆಕ್ಟ್ ಇದ್ದ ಮೇಲ್ ಬಂದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹೆಡ್ ಆಫೀಸಿನಿಂದ ಪಾಲಿಸಿ ಮೇಲ್‌ಗಳು ಬರುತ್ತಲೇ ಇರುತ್ತವೆ, ಇದೂ ಒಂದು ಅಂದುಕೊಂಡೆ. ಇವತ್ತಿನಿಂದ ಯಾವ ಮೇಲ್, ಫೈಲ್, ಚಾಟ್ ಅಳಿಸಬಾರದು, ಕೈಬರಹದ ಚೀಟಿ ಇದ್ದರೂ ಹರಿಯಬಾರದು, ಈ ಬಗ್ಗೆ ಯಾರ ಹತ್ತಿರವೂ ಮಾತಾಡಬಾರದು ಅಂತ ಬರೆದಿತ್ತು. ಯಾವುದರ ಬಗ್ಗೆ ಅಂತ ಹೇಳಿರಲಿಲ್ಲ. ಮಾತಾಡಬೇಡಿ ಅಂದರೆ ನಮ್ಮ ಜನ ಸುಮ್ನಿರ್ತಾರಾ? ಮಧ್ಯಾಹ್ನ ಊಟಕ್ಕೆ ಕೂತಾಗ ಯಾರ್ಯಾರಿಗೆ ಬಂದಿದೆ ಅಂತ ಗೊತ್ತಾಯಿತು. ಫ್ಯಾಕ್ಟರಿ ಹೆಡ್, ಅಡ್ಮಿನ್ ಮ್ಯಾನೇಜರ್, ಲಾಜಿಸ್ಟಿಕ್ಸ್‌ನ ಇಬ್ಬರು, ಅಕೌಂಟ್ಸ್‌ನಲ್ಲಿ ನಾನು. ಸೇಲ್ಸ್‌ನವರಿಗೆ ಬಂದಿರಲಿಲ್ಲ, ಎಚ್‌ಆರ್‌ಗೂ ಇಲ್ಲ. ಅಂದರೆ ಲೈಸೆನ್ಸು, ಕ್ಲಿಯರೆನ್ಸು, ಸರ್ಕಾರಿ ಕಚೇರಿ ಅಂತ ಓಡಾಡುವವರು, ಅವರ ಬಿಲ್ ಪಾಸ್ ಮಾಡುವವಳು. ಆಮೇಲೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ನಮ್ಮದು ಬೆಂಗಳೂರಿನ ಹೊರಗಿನ ಒಂದು ಕಾರ್ಖಾನೆ. ಅಮೆರಿಕದ ಷೇರುಪೇಟೆಯಲ್ಲಿ ಲಿಸ್ಟ್ ಆಗಿರುವ ಕಂಪನಿಯ ಇಲ್ಲಿನ ಅಂಗ. ಹೆಸರು ಹೇಳುವುದಿಲ್ಲ, ಸಹಿ ಹಾಕಿಕೊಟ್ಟಿದ್ದೇನೆ. ನನ್ನ ಕೆಲಸ ವೆಂಡರ್ ಪೇಮೆಂಟ್.

ಅಮೆರಿಕದ ಎಫ್‌ಸಿಪಿಎ ಕಾನೂನಿನ ಟ್ರೈನಿಂಗ್ ವರ್ಷಕ್ಕೊಮ್ಮೆ ನಮಗೂ ಇರುತ್ತಿತ್ತು. ವಿಡಿಯೋ ಓಡಲು ಬಿಟ್ಟು ಕೊನೆಯ ಹತ್ತು ಪ್ರಶ್ನೆಗೆ ಟಿಕ್ ಹೊಡೆಯುವ ಟ್ರೈನಿಂಗು, ಗೊತ್ತಲ್ವಾ. ಬೇರೆ ದೇಶದ ಸರ್ಕಾರಿ ಅಧಿಕಾರಿಗೆ ಲಂಚ ಕೊಡಬಾರದು ಅನ್ನೋದು ಅದರ ತಿರುಳು ಅಂತ ಎಲ್ಲರಿಗೂ ನೆನಪಿತ್ತು. 1977ರ ಆ ಕಾನೂನಿಗೆ ಇನ್ನೊಂದು ಭಾಗ ಇದೆ. ಅಲ್ಲಿ ಲಿಸ್ಟ್ ಆದ ಕಂಪನಿ ತನ್ನ ಲೆಕ್ಕಪುಸ್ತಕವನ್ನು, ಅಂಗಸಂಸ್ಥೆಗಳದ್ದೂ ಸೇರಿ, ನಡೆದದ್ದು ನಡೆದ ಹಾಗೆ ಬರೆದಿಡಬೇಕು. ಲಂಚ ಯಾರ ಕೈಗೆ ಹೋಯಿತು ಅಂತ ಸಾಬೀತು ಮಾಡಬೇಕಾಗಿಯೇ ಇಲ್ಲ. ಲೆಡ್ಜರಿನಲ್ಲಿ 'ಪ್ರೊಫೆಷನಲ್ ಫೀ' ಅಂತ ಬರೆದು ಅದು ಫೀ ಅಲ್ಲ ಅಂತಾದರೆ ಅಷ್ಟಕ್ಕೇ ದಂಡ ಬೀಳಬಹುದು. ಆ ಲೆಡ್ಜರ್ ಬರೆಯುತ್ತಿದ್ದವಳು ನಾನು.

ಮೊದಲು ಲ್ಯಾಪ್‌ಟಾಪ್ ತಗೊಂಡರು. ಫೊರೆನ್ಸಿಕ್ ಆಡಿಟ್ ಸಂಸ್ಥೆಯ ಹುಡುಗರು ಬಂದು, ಮೀಟಿಂಗ್ ರೂಮಿನಲ್ಲಿ ಒಂದು ಡಬ್ಬಿಗೆ ಅದನ್ನು ಸಿಕ್ಕಿಸಿ ಪೂರ್ತಿ ನಕಲು ತೆಗೆದರು. ಎಷ್ಟು ಗಂಟೆಗೆ ಕೈಗೆ ಬಂತು, ಎಷ್ಟಕ್ಕೆ ವಾಪಸ್ ಕೊಟ್ಟರು, ಸೀರಿಯಲ್ ನಂಬರ್ ಏನು ಅಂತೆಲ್ಲ ಬರೆದು ಇಬ್ಬರೂ ಸಹಿ ಮಾಡಬೇಕು. ಮುಂದೆ ಯಾರಾದರೂ 'ಇದನ್ನು ತಿದ್ದಿದ್ದಾರೆ' ಅನ್ನಬಾರದಲ್ಲ, ಅದಕ್ಕೆ. ಫೋನಿನ ವಿಷಯ ಬಂದಾಗ ಜಗಳವೇ ಆಯಿತು. ನನ್ನದು ಸ್ವಂತ ಫೋನು. ಮಗಳ ಸ್ಕೂಲ್ ಗ್ರೂಪು, ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಗ್ರೂಪು, ಅಮ್ಮನ ಆಸ್ಪತ್ರೆ ರಿಪೋರ್ಟು ಎಲ್ಲ ಅದರಲ್ಲೇ. ಪೂರ್ತಿ ಕೊಡಲ್ಲ ಅಂದೆ. ಕೊನೆಗೆ ಒಪ್ಪಿಗೆ ಪತ್ರ ಬರೆದು, ಆಫೀಸಿನ ಕೆಲವರ ಜೊತೆಗಿನ ವಾಟ್ಸಾಪ್ ಚಾಟ್ ಮಾತ್ರ ನನ್ನ ಕಣ್ಣೆದುರೇ ತೆಗೆದುಕೊಂಡರು. ಕೊಡುವುದಿಲ್ಲ ಅಂತ ಪಟ್ಟು ಹಿಡಿದವರ ಹೆಸರಿನ ಮುಂದೆ 'ಸಹಕರಿಸಲಿಲ್ಲ' ಅಂತ ಬರೆದುಕೊಂಡರು ಅಂತ ಆಮೇಲೆ ಗೊತ್ತಾಯಿತು.

ಚಾಟ್ ಓದುವ ತಂಡದಲ್ಲಿ ಕನ್ನಡ ಬಲ್ಲವರು ಕಡಿಮೆ. ನಮ್ಮವರೆಲ್ಲ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು, ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗು. 'ಮಾಮೂಲು', 'ಖರ್ಚು', 'ಸಾಹೇಬ್ರಿಗೆ', 'ಕಾಫಿಗೆ' ಅಂತ ಹುಡುಕಿದರೆ ನಿಜವಾಗಿ ಕಾಫಿ ಕುಡಿದದ್ದೇ ಸಾವಿರ ಸಲ ಸಿಕ್ಕಿತಂತೆ.

ಆಮೇಲೆ ಬಂದರು ಲೆಕ್ಕ ಕೆದಕುವವರು. ಅವರಲ್ಲಿ ಒಬ್ಬ ಹುಬ್ಬಳ್ಳಿ ಕಡೆಯ ಹುಡುಗ. ಸಿಎ ಮುಗಿಸಿ ಜಾಸ್ತಿ ವರ್ಷ ಆಗಿರಲಿಲ್ಲ. ಒಂದು ಲೈಸನಿಂಗ್ ಕನ್ಸಲ್ಟೆಂಟ್, ಅಂದರೆ ಸರ್ಕಾರಿ ಕಚೇರಿಯ ಕೆಲಸ ಮಾಡಿಸಿಕೊಡುವವರು, ಕೊಟ್ಟ ಬಿಲ್‌ಗಳನ್ನೆಲ್ಲ ಪ್ರಿಂಟ್ ತೆಗೆದು ನನ್ನ ಟೇಬಲ್ ಮೇಲೆ ಸಾಲಾಗಿ ಹರಡಿದ. ನೋಡಲು ಚೊಕ್ಕ ಬಿಲ್‌ಗಳು. ಲೆಟರ್‌ಹೆಡ್ ಇದೆ, ಪ್ಯಾನ್ ಇದೆ, ಜಿಎಸ್‌ಟಿ 18 ಪರ್ಸೆಂಟ್ ಹಾಕಿದ್ದಾರೆ. ನಾವು ಆದಾಯ ತೆರಿಗೆ ಕಾಯ್ದೆಯ 194ಜೆ ಕಲಂ ಅಡಿಯಲ್ಲಿ 10 ಪರ್ಸೆಂಟ್ ಟಿಡಿಎಸ್ ಹಿಡಿದು, ಸರ್ಕಾರಕ್ಕೆ ಕಟ್ಟಿ, ಬಾಕಿಯನ್ನು ಬ್ಯಾಂಕ್ ಮೂಲಕವೇ ಕೊಟ್ಟಿದ್ದೇವೆ. ಒಂದು ರೂಪಾಯಿ ನಗದಿಲ್ಲ.

"ಮೇಡಂ, ಬಿಲ್ ನಂಬರ್ ನೋಡ್ರಿ" ಅಂದ.

ನೋಡಿದೆ. ಏಪ್ರಿಲ್ ಬಿಲ್ಲು 11. ಜೂನ್‌ದು 12. ಸೆಪ್ಟೆಂಬರ್‌ದು 13.

"ಇವ್ರಿಗೆ ನೀವೊಬ್ರ ಗಿರಾಕಿ ಏನ್ರೀ?"

ಅಷ್ಟು ವರ್ಷ ಬಿಲ್ ನೋಡಿದವಳು ನಾನು, ನಂಬರನ್ನು ಆ ಕಣ್ಣಲ್ಲಿ ನೋಡಿರಲೇ ಇಲ್ಲ. ಯಾಕೆ ನೋಡಬೇಕು? ಒಂದೇ ಬಿಲ್ ಎರಡು ಸಲ ಬಂದಿಲ್ಲ ಅಂತ ನೋಡಿಕೊಳ್ಳುವುದಷ್ಟೇ ನಮ್ಮ ಲೆಕ್ಕ. ಮೊತ್ತಗಳೂ ಹಾಗೆಯೇ. ₹4,90,000, ₹4,85,000, ಮತ್ತೆ ₹4,90,000. ಫ್ಯಾಕ್ಟರಿ ಹೆಡ್ ಒಬ್ಬರೇ ಪಾಸ್ ಮಾಡಬಹುದಾದ ಮಿತಿ ಐದು ಲಕ್ಷ. ಅದನ್ನು ದಾಟಿದರೆ ಸಿಂಗಪುರದಲ್ಲಿರುವ ಫೈನಾನ್ಸ್ ಮುಖ್ಯಸ್ಥರಿಗೆ ಹೋಗುತ್ತದೆ. ಬಿಲ್ಲಿನ ವಿವರದಲ್ಲಿ ಇದ್ದದ್ದು ಒಂದೇ ಸಾಲು: 'ಲೈಸನಿಂಗ್ ಮತ್ತು ಇತರ ಸೇವೆಗಳಿಗಾಗಿ'. ಯಾವ ಇತರ ಸೇವೆ? ಕರಾರು ಪತ್ರ ಇಲ್ಲ, ಕೆಲಸ ಮುಗಿಸಿದ ವರದಿ ಇಲ್ಲ, ಒಂದು ಅರ್ಜಿಯ ನಕಲೂ ಇಲ್ಲ. ಆಮೇಲೆ ಆ ಹುಡುಗ ಎಕ್ಸೆಲ್‌ನಲ್ಲಿ ಎರಡು ಕಾಲಂ ತೋರಿಸಿದ. ಎಡಗಡೆ ನಾವು ಕನ್ಸಲ್ಟೆಂಟ್‌ಗೆ ದುಡ್ಡು ಹಾಕಿದ ತಾರೀಕು. ಬಲಗಡೆ ನಮ್ಮ ಪರವಾನಗಿಗಳು ಕೈಗೆ ಬಂದ ತಾರೀಕು. ಎಡಗಡೆಯದು ಯಾವಾಗಲೂ ಕೆಲವು ದಿನ ಮೊದಲು. ಇಬ್ಬರೂ ಏನೂ ಮಾತಾಡಲಿಲ್ಲ. ಅವನು ಚಹಾ ತರಿಸಿದ.

ಸರ್ಕಾರಿ ಕಚೇರಿಯಲ್ಲಿ ಕೆಲಸ ಆಗಬೇಕಾದರೆ ಕೈ ಬೆಚ್ಚಗೆ ಮಾಡಬೇಕು ಅನ್ನೋದು ಮನೆ ಕಟ್ಟಿದ ಯಾರಿಗಾದರೂ ಗೊತ್ತು. ನಾವು ಕಣ್ಣಿಡುವುದು ನೋಟಿನ ಕವರಿನ ಮೇಲೆ. ಕಂಪನಿಯ ದುಡ್ಡು ಕವರಿನಲ್ಲಿ ಹೋಗುವುದಿಲ್ಲ. ಅದು ಜಿಎಸ್‌ಟಿ ಕಟ್ಟಿಕೊಂಡು ಹೋಗುತ್ತದೆ. ಕಾಗ್ನಿಜೆಂಟ್ ಅನ್ನೋ ಅಮೆರಿಕದ ಐಟಿ ಕಂಪನಿಯ ಚೆನ್ನೈ ಕೇಸನ್ನು ಆಮೇಲೆ ಕೂತು ಓದಿದಾಗ ಬೆನ್ನಲ್ಲಿ ಚಳಿ ಬಂತು, ಅಷ್ಟು ಹೋಲಿಕೆ. ಅಲ್ಲಿ ಕ್ಯಾಂಪಸ್ ಕಟ್ಟಡದ ಪ್ಲ್ಯಾನಿಂಗ್ ಪರ್ಮಿಟ್‌ಗೆ ತಮಿಳುನಾಡಿನ ಒಬ್ಬ ಸರ್ಕಾರಿ ಅಧಿಕಾರಿ 20 ಲಕ್ಷ ಡಾಲರ್ ಕೇಳಿದ್ದರು ಅನ್ನೋದು ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಆರೋಪ. ಕಟ್ಟಡದ ಗುತ್ತಿಗೆದಾರ ಕಂಪನಿ ಮೂಲಕ ಕೊಡುವುದು, ಆಮೇಲೆ ಹೆಚ್ಚುವರಿ ಕೆಲಸದ ಸುಳ್ಳು ಕ್ಲೇಮ್‌ಗಳ ರೂಪದಲ್ಲಿ ಗುತ್ತಿಗೆದಾರರಿಗೆ ವಾಪಸ್ ಕಟ್ಟುವುದು ಅಂತ ಏರ್ಪಾಟು. ಅಲ್ಲೂ ಎಲ್ಲೋ ಒಬ್ಬರು ನನ್ನ ಹಾಗೆ ಆ ಬಿಲ್ಲನ್ನು ಲೆಡ್ಜರಿಗೆ ಹಾಕಿರಬೇಕಲ್ವಾ?

ನನ್ನ ಸರದಿ ಬಂತು. ವಕೀಲರ ಜೊತೆ ಮಾತುಕತೆ ಅಂತ ಕರೆದರು. ಒಬ್ಬರು ಬೆಂಗಳೂರಿನ ಲಾ ಫರ್ಮಿನವರು ಎದುರಿಗೆ, ಇನ್ನೊಬ್ಬರು ಅಮೆರಿಕದಿಂದ ವಿಡಿಯೋದಲ್ಲಿ. ಶುರುವಿನಲ್ಲೇ ಒಂದು ಕಾಗದ ಓದಿ ಹೇಳಿದರು. "ನಾವು ಕಂಪನಿಯ ವಕೀಲರು, ನಿಮ್ಮ ವಕೀಲರಲ್ಲ. ಇಲ್ಲಿ ಆಡಿದ ಮಾತಿನ ಗೋಪ್ಯತೆಯ ಹಕ್ಕು ಕಂಪನಿಯದು. ಕಂಪನಿಗೆ ಬೇಕು ಅನ್ನಿಸಿದರೆ ನಿಮ್ಮನ್ನು ಕೇಳದೆ ಸರ್ಕಾರಕ್ಕೆ ಹೇಳಬಹುದು." ಇದಕ್ಕೆ ಅಪ್‌ಜಾನ್ ಎಚ್ಚರಿಕೆ ಅಂತಾರೆ. ಅಪ್‌ಜಾನ್ ಅನ್ನೋದು ಅಮೆರಿಕದ ಔಷಧ ಕಂಪನಿಯಾಗಿತ್ತು, 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದರ ಕೇಸಿನಲ್ಲಿ ತೀರ್ಪು ಕೊಟ್ಟಿತ್ತು. ಆ ಕೇಸು ಹುಟ್ಟಿದ್ದೂ ಹೊರದೇಶದ ಅಧಿಕಾರಿಗಳಿಗೆ ದುಡ್ಡು ಹೋದದ್ದರಿಂದಲೇ. ಓದಿ ಮುಗಿಸಿ "ಅರ್ಥ ಆಯ್ತಾ ಮೇಡಂ?" ಅಂತ ಬೆಂಗಳೂರಿನವರು ನಗುತ್ತಾ ಕೇಳಿದರು. ನೀರು, ಬಿಸ್ಕತ್ತು ಎಲ್ಲ ಇಟ್ಟಿದ್ದರು. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಹೆದರಿಸಿರಲಿಲ್ಲ.

ಪ್ರಶ್ನೆಗಳು ಸಾದಾ. ಈ ವೆಂಡರ್ ಕೋಡ್ ಯಾರು ಕೇಳಿ ಮಾಡಿಸಿದರು? ಬೇರೆಯವರಿಂದ ಕೊಟೇಶನ್ ಬಂದಿತ್ತಾ? ಈ ಬಿಲ್ಲಿಗೆ ಬದಲಾಗಿ ಕಂಪನಿಗೆ ಸಿಕ್ಕ ಸೇವೆ ಏನು? ನಾನು ಹೇಳಿದೆ: ಸಾಮಾನು ಬಂದರೆ ಸ್ಟೋರ್ಸ್‌ನವರು ಜಿಆರ್‌ಎನ್, ಅಂದರೆ ಸಾಮಾನು ಬಂತು ಅನ್ನೋ ಚೀಟಿ ಮಾಡುತ್ತಾರೆ, ಪಿಒ (ಖರೀದಿ ಆರ್ಡರ್), ಜಿಆರ್‌ಎನ್, ಬಿಲ್ ಮೂರೂ ಹೊಂದಿಸಿ ನೋಡುತ್ತೇವೆ. ಸೇವೆಗೆ ಜಿಆರ್‌ಎನ್ ಇರುವುದಿಲ್ಲ, ಸಿಸ್ಟಮ್‌ನಲ್ಲಿ ಮ್ಯಾನೇಜರ್ ಒತ್ತಿದ ಅಪ್ರೂವಲ್ಲೇ ಪುರಾವೆ. "ಸರಿ, ಸೇವೆ ಏನು?" ಅಂತ ಮತ್ತೆ ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ಅದೇ ನಿಜ. ಆಗ ಅಮೆರಿಕದಲ್ಲಿದ್ದ ವಕೀಲೆ ನನ್ನದೇ ಹಳೆಯ ಮೇಲ್ ಒಂದನ್ನು ಸ್ಕ್ರೀನಿಗೆ ತಂದರು. 'ಕೆಲಸ ಮುಗಿದ ಬಗ್ಗೆ ದಾಖಲೆ ಲಗತ್ತಿಸಿ, ಇಲ್ಲದಿದ್ದರೆ ಪೇಮೆಂಟ್ ಹೋಲ್ಡ್' ಅಂತ ನಾನು ಬರೆದಿದ್ದೆ. ಅದಕ್ಕೆ ಫ್ಯಾಕ್ಟರಿ ಹೆಡ್ ಉತ್ತರ ಒಂದೇ ಸಾಲು: ಮಾತಾಡಿದ್ದೇನೆ, ಪೇ ಮಾಡಿ. ಬರೆದದ್ದು ನನಗೇ ಮರೆತುಹೋಗಿತ್ತು. ಅಭ್ಯಾಸಬಲದಿಂದ ಕಳಿಸಿದ್ದ ಆ ಮೇಲ್ ಇಲ್ಲದೇ ಹೋಗಿದ್ದರೆ ನನ್ನ ಹೆಸರು ಯಾವ ಪಟ್ಟಿಗೆ ಸೇರುತ್ತಿತ್ತೋ. ಇದರಲ್ಲಿ ಜಾಣತನ ಏನೂ ಇಲ್ಲ, ಅದೃಷ್ಟ ಅಷ್ಟೆ.

ಆ ರಾತ್ರಿ ನಮ್ಮ ಮನೆಯವರ ಸ್ನೇಹಿತರೊಬ್ಬರು, ಹೈಕೋರ್ಟ್ ವಕೀಲರು, ಅವರಿಗೆ ಫೋನ್ ಮಾಡಿದೆವು. ನಮ್ಮ ಭಯ ಅಮೆರಿಕದ ಕಾನೂನಿನದ್ದಲ್ಲ, ಇಲ್ಲಿಯದ್ದು. ಅವರು ಬಿಡಿಸಿ ಹೇಳಿದರು. ಭ್ರಷ್ಟಾಚಾರ ತಡೆ ಕಾಯ್ದೆ 1988ರದ್ದು. 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ನೇರ ಅಪರಾಧ, 7 ವರ್ಷದವರೆಗೆ ಜೈಲು ಆಗಬಹುದು. ಒತ್ತಾಯಕ್ಕೆ ಕೊಟ್ಟಿದ್ದರೆ ಒಂದು ದಾರಿ ಇದೆ, ಆದರೆ ಕೊಟ್ಟ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿರಬೇಕು. ವರ್ಷಗಟ್ಟಲೆ ಬಿಲ್ ಮೂಲಕ ಕೊಟ್ಟವರಿಗೆ ಆ ಏಳು ದಿನ ಯಾವ ಕಾಲಕ್ಕೆ? ಕಂಪನಿಯ ಮೇಲೂ ಕೇಸ್ ಹಾಕಬಹುದು, ಅದಕ್ಕೆ ದಂಡ. ತಡೆಯಲು ಸರಿಯಾದ ವ್ಯವಸ್ಥೆ ಇಟ್ಟಿದ್ದೆವು ಅಂತ ತೋರಿಸಿದರೆ ಕಂಪನಿಗೆ ಬಚಾವ್ ಆಗುವ ಅವಕಾಶ ಉಂಟು. ಒಪ್ಪಿಗೆ ಕೊಟ್ಟ ಅಥವಾ ಕೈಜೋಡಿಸಿದ ಡೈರೆಕ್ಟರ್, ಅಧಿಕಾರಿಗೆ ಮಾತ್ರ 3ರಿಂದ 7 ವರ್ಷ. ಕಾಯ್ದೆಯ ಈ ಭಾಗ ಕೇಳಿದಾಗ ನಮ್ಮ ಟಿಕ್ ಹೊಡೆಯುವ ಟ್ರೈನಿಂಗಿನ ಬೆಲೆ ಗೊತ್ತಾಯಿತು. ಅದು ನಮಗೆ ಕಲಿಸಲು ಇರಲಿಲ್ಲ ಅಂತ ನನ್ನ ಅನುಮಾನ. ಕಂಪನಿ ಕಲಿಸಿತ್ತು ಅಂತ ತೋರಿಸಲು ಇತ್ತು.

ಇಷ್ಟರಲ್ಲಿ ಹಣದ ಪೆಟ್ಟು ಬೀಳಲು ಶುರುವಾಗಿತ್ತು. ಸರ್ಕಾರಿ ಕೆಲಸಕ್ಕೆ ಸಂಬಂಧಪಟ್ಟ ಎಲ್ಲ ಏಜೆಂಟರ ವೆಂಡರ್ ಕೋಡ್ ಒಂದೇ ದಿನ ಬ್ಲಾಕ್ ಮಾಡಿಸಿದರು. ಕಸ್ಟಮ್ಸ್‌ನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಕೂಡ ಅದರಲ್ಲಿ. ಹೊಸಬರನ್ನು ತಗೊಳ್ಳಬೇಕಾದರೆ ಅವರ ಮಾಲೀಕರು ಯಾರು, ಸರ್ಕಾರಿ ನೌಕರಿಯಲ್ಲಿರುವ ನೆಂಟರಿದ್ದಾರಾ ಅಂತೆಲ್ಲ ವಿಚಾರಿಸಿ ಹೆಡ್ ಆಫೀಸ್ ಒಪ್ಪಬೇಕು. ಅಲ್ಲಿಯವರೆಗೆ ನಮ್ಮ ಕಂಟೇನರ್ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋ ಐಸಿಡಿಯಲ್ಲಿ ನಿಂತಲ್ಲೇ ನಿಂತಿತು. ಡೆಮರೇಜ್, ಅಂದರೆ ತಡವಾಗಿ ಬಿಡಿಸಿಕೊಂಡದ್ದರ ಬಾಡಿಗೆ, ಓಡುತ್ತಾ ಹೋಯಿತು, ಪ್ರೊಡಕ್ಷನ್‌ನವರು ನನ್ನ ಮುಖ ಕಂಡರೆ ಉರಿದು ಬೀಳುತ್ತಿದ್ದರು.

ಆಡಿಟರ್ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕಲ್ಲ ಅಂತ ಕೂತರು. ಅವರದೂ ತಪ್ಪಲ್ಲ. ಕಂಪನಿ ಕಾಯ್ದೆ 2013ರ 143(12) ಪ್ರಕಾರ, ವಂಚನೆ ಒಂದು ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಅಂತ ಕಂಡರೆ ಆಡಿಟರೇ ಕೇಂದ್ರ ಸರ್ಕಾರಕ್ಕೆ ವರದಿ ಮಾಡಬೇಕು. ಹಾಗಾಗಿ ಎಲ್ಲ ವರ್ಷದ ಬಿಲ್ ಕೂಡಿಸಿ ಒಟ್ಟು ಎಷ್ಟು ಅನ್ನೋ ಪ್ರಶ್ನೆಗೆ ಇದ್ದಕ್ಕಿದ್ದಂತೆ ಮಹತ್ವ ಬಂತು. ಆ ಕೂಡಿಸುವ ಕೆಲಸವೂ ನನಗೇ. ತೆರಿಗೆಯ ಕಥೆ ಬೇರೆ. ಆ ಬಿಲ್‌ಗಳನ್ನು ನಾವು ಖರ್ಚು ಅಂತ ತೋರಿಸಿ ಲಾಭದಿಂದ ಕಳೆದಿದ್ದೆವು. 1961ರ ಆದಾಯ ತೆರಿಗೆ ಕಾಯ್ದೆಯ 37(1) ಪ್ರಕಾರ ಅಪರಾಧಕ್ಕೆ ಮಾಡಿದ ಖರ್ಚು ಖರ್ಚೇ ಅಲ್ಲ. ಹೊರದೇಶದ ಕಾನೂನಿನಲ್ಲಿ ಅಪರಾಧವಾದರೂ ಅದೇ ಲೆಕ್ಕ ಅಂತ 2022ರಲ್ಲಿ ಅದಕ್ಕೆ ವಿವರಣೆಯನ್ನೂ ಸೇರಿಸಿದರು. ಹಳೆಯ ವರ್ಷಗಳ ಲಾಭ ಮತ್ತೆ ಲೆಕ್ಕ ಹಾಕಿ, ತೆರಿಗೆಗೂ ಬಡ್ಡಿಗೂ ದುಡ್ಡು ತೆಗೆದಿಡಬೇಕಾಯಿತು. ಅಂದಹಾಗೆ ಜರ್ಮನಿಯಲ್ಲಿ 1999ರವರೆಗೆ ಹೊರದೇಶದಲ್ಲಿ ಕೊಟ್ಟ ಲಂಚಕ್ಕೆ ತೆರಿಗೆ ವಿನಾಯಿತಿ ಸಿಗುತ್ತಿತ್ತು! ಅದೇ ದೇಶದ ಸೀಮೆನ್ಸ್ 2008ರಲ್ಲಿ ಅಮೆರಿಕಕ್ಕೂ ಜರ್ಮನಿಗೂ ಸೇರಿ ಸುಮಾರು 160 ಕೋಟಿ ಡಾಲರ್ ಕಟ್ಟಿತು.

ದಂಡಕ್ಕಿಂತ ದಂಡದ ದಾರಿ ದುಬಾರಿ. ನಮ್ಮಲ್ಲಿ ವಕೀಲರ, ಫೊರೆನ್ಸಿಕ್‌ನವರ ಬಿಲ್‌ಗಳು ಬರತೊಡಗಿದಾಗ ನೋಡಿದೆ, ಕನ್ಸಲ್ಟೆಂಟ್‌ಗೆ ಅಷ್ಟೂ ವರ್ಷ ಹೋದದ್ದು ಅದರ ಮುಂದೆ ಚಿಲ್ಲರೆ. ದೊಡ್ಡವರದೂ ಇದೇ ಪಾಡು. ವಾಲ್‌ಮಾರ್ಟ್ 2019ರಲ್ಲಿ ಭಾರತ, ಮೆಕ್ಸಿಕೊ, ಚೀನಾ, ಬ್ರೆಜಿಲ್ ವ್ಯವಹಾರಗಳ ಬಗ್ಗೆ ರಾಜಿ ಮಾಡಿಕೊಂಡು ಕಟ್ಟಿದ್ದು ಸುಮಾರು 28 ಕೋಟಿ ಡಾಲರ್. ಅಷ್ಟು ವರ್ಷ ತನಿಖೆಗೂ ಒಳಗಿನ ವ್ಯವಸ್ಥೆ ಸರಿಪಡಿಸುವುದಕ್ಕೂ ಅದು ಖರ್ಚು ಮಾಡಿದ್ದು 90 ಕೋಟಿ ಡಾಲರಿಗೂ ಜಾಸ್ತಿ. ಬೆಂಗಳೂರಿನದೇ ಉದಾಹರಣೆ ಬೇಕಾದರೆ, ಮೋಗ್ ಅನ್ನೋ ಅಮೆರಿಕನ್ ಕಂಪನಿ ಇದೆ. ಇಲ್ಲಿನ ಅಂಗಸಂಸ್ಥೆಯ ನೌಕರರು ಆರ್ಡರ್‌ಗಾಗಿ ಸರ್ಕಾರಿ ಅಧಿಕಾರಿಗಳಿಗೆ ಲಂಚ ಕೊಟ್ಟರು ಅನ್ನೋ ಎಸ್‌ಇಸಿ ಆರೋಪದ ಮೇಲೆ 2024ರ ಅಕ್ಟೋಬರ್‌ನಲ್ಲಿ ಸುಮಾರು 17 ಲಕ್ಷ ಡಾಲರ್ ಕಟ್ಟಲು ಒಪ್ಪಿಕೊಂಡಿತು. ತಪ್ಪು ಒಪ್ಪಿಕೊಳ್ಳಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ನಮ್ಮ ಹೆಡ್ ಆಫೀಸು ತಾನಾಗಿಯೇ ಹೋಗಿ ಅಮೆರಿಕದ ಅಧಿಕಾರಿಗಳಿಗೆ ಎಲ್ಲ ಹೇಳಿಕೊಂಡಿತು. ಹಾಗೆ ಹೇಳಿದರೆ ರಿಯಾಯಿತಿ ಸಿಗುತ್ತದೆ. ಕಾಗ್ನಿಜೆಂಟ್ ವಿಷಯ ಬೋರ್ಡಿಗೆ ಗೊತ್ತಾದ ಎರಡು ವಾರದಲ್ಲೇ ಹೇಳಿಕೊಂಡಿತು ಅನ್ನೋದೂ ಒಂದು ಕಾರಣವಾಗಿ, ಅಲ್ಲಿನ ನ್ಯಾಯ ಇಲಾಖೆ ಕಂಪನಿಯ ಮೇಲೆ ಕೇಸ್ ಹಾಕಲಿಲ್ಲ. 2019ರಲ್ಲಿ ಎಸ್‌ಇಸಿಗೆ ಸುಮಾರು 2.5 ಕೋಟಿ ಡಾಲರ್ ಕಟ್ಟಿ ಮುಗಿಯಿತು. ಕಂಪನಿಯ ಇಬ್ಬರು ದೊಡ್ಡ ಅಧಿಕಾರಿಗಳ ಮೇಲೆ ಕ್ರಿಮಿನಲ್ ಕೇಸು ನಡೆಯಿತು, ಅವರು ತಪ್ಪು ಮಾಡಿಲ್ಲ ಅಂತಲೇ ವಾದಿಸಿದರು. 2025ರ ಫೆಬ್ರವರಿಯಲ್ಲಿ ಅಧ್ಯಕ್ಷ ಟ್ರಂಪ್ ಈ ಕಾನೂನಿನ ಜಾರಿಯನ್ನು ತಡೆಹಿಡಿಯಲು ಆದೇಶ ಮಾಡಿದ ಮೇಲೆ, ಏಪ್ರಿಲ್‌ನಲ್ಲಿ ಆ ಕೇಸೂ ವಜಾ ಆಯಿತು. ಆ ಆದೇಶದ ಸುದ್ದಿ ಬಂದ ದಿನ ನಮ್ಮ ಕ್ಯಾಂಟೀನಿನಲ್ಲಿ ಒಬ್ಬರು "ಇನ್ನೇನ್ರೀ, ಎಲ್ಲ ಮುಗೀತು" ಅಂತ ಜಿಲೇಬಿ ಹಂಚುವ ಮೂಡಿನಲ್ಲಿದ್ದರು. ಜೂನ್‌ನಲ್ಲಿ ಹೊಸ ನಿಯಮ ಹೊರಡಿಸಿ ಮತ್ತೆ ಶುರು ಮಾಡಿದರು. ಇಲ್ಲಿನ 1988ರ ಕಾಯ್ದೆಯನ್ನಂತೂ ಯಾರೂ ತಡೆಹಿಡಿದಿರಲಿಲ್ಲ.

ನಮ್ಮ ಕೇಸಿನಲ್ಲಿ ಅಮೆರಿಕದವರು ಕ್ರಮ ಇಲ್ಲದೆ ಮುಚ್ಚಿದರು ಅಂತ ನನಗೆ ಗೊತ್ತಾಗಿದ್ದು ಪೇರೆಂಟ್ ಕಂಪನಿಯ ವಾರ್ಷಿಕ ವರದಿಯ ಒಂದು ಪ್ಯಾರಾದಿಂದ. ಫ್ಯಾಕ್ಟರಿ ಹೆಡ್ ಅದಕ್ಕೂ ಮೊದಲೇ 'ವೈಯಕ್ತಿಕ ಕಾರಣ'ಕ್ಕೆ ಬಿಟ್ಟು, ಈಗ ಇನ್ನೊಂದು ಕಡೆ ಇನ್ನೂ ದೊಡ್ಡ ಹುದ್ದೆಯಲ್ಲಿದ್ದಾರೆ. ಆ ವರ್ಷ ನಮಗ್ಯಾರಿಗೂ ಬೋನಸ್ ಬರಲಿಲ್ಲ. ಪರವಾನಗಿ ನವೀಕರಣಕ್ಕೆ ಈಗ ಆನ್‌ಲೈನ್ ಅರ್ಜಿ ಹಾಕಿ, ಕೇಳಿದ ದಾಖಲೆ ಕೊಟ್ಟು, ಸುಮ್ನೆ ಕಾಯುತ್ತೇವೆ. ತಡ ಆಗುತ್ತದೆ, ಬರುತ್ತದೆ. ಮೊದಲೇ ಹೀಗೆ ಕಾಯಬಹುದಿತ್ತಲ್ಲ ಅಂತ ಪ್ರೊಡಕ್ಷನ್‌ನವರ ಮುಂದೆ ಹೇಳುವ ಧೈರ್ಯ ನನಗಿಲ್ಲ.

ಪೂರ್ತಿ ಪೆಟ್ಟು ತಿಂದವರು ಅಡ್ಮಿನ್ ಮ್ಯಾನೇಜರ್. ಹಾಸನದ ಕಡೆಯವರು, ಕಾರ್ಖಾನೆ ಶುರುವಾದಾಗಿನಿಂದ ಇದ್ದವರು. ಕನ್ಸಲ್ಟೆಂಟ್ ಜೊತೆ ಓಡಾಡಿದ್ದು ಅವರೇ, ವಾಟ್ಸಾಪ್‌ನಲ್ಲಿ 'ಸಾಹೇಬ್ರಿಗೆ ತಲುಪಿದೆ' ಅಂತ ಬರೆದದ್ದೂ ಅವರೇ. ಯಾರು ಮಾಡಿ ಅಂದರು ಅನ್ನೋದು ಮಾತ್ರ ಎಲ್ಲೂ ಬರಹದಲ್ಲಿ ಇರಲಿಲ್ಲ. ಅವರನ್ನು ಕೆಲಸದಿಂದ ತೆಗೆದು, ಗ್ರಾಚ್ಯುಟಿಯನ್ನೂ ತಡೆಹಿಡಿದರು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ 4(6) ಕಲಂನಲ್ಲಿ, ಕೆಲಸದ ಅವಧಿಯಲ್ಲಿ ಮಾಡಿದ ನೈತಿಕ ಅಧಃಪತನದ ಅಪರಾಧಕ್ಕೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶ ಇತ್ತು. ಅದಕ್ಕೆ ಕೋರ್ಟಿನಲ್ಲಿ ಶಿಕ್ಷೆ ಆಗಿರಲೇಬೇಕು ಅಂತಿಲ್ಲ ಅಂತ 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅವರು ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಹಾಕಿದ್ದಾರೆ, ವಿಚಾರಣೆ ನಡೀತಿದೆ. ಹೋದ ಸಲ ಮೆಟ್ಟಿಲ ಹತ್ತಿರ ಸಿಕ್ಕರು. "ಚೆನ್ನಾಗಿದ್ದೀರಾ ಮೇಡಂ, ಮಗಳು ಯಾವ ಕ್ಲಾಸು?" ಅಂತ ಕೇಳಿದರು. ಕಂಪನಿ ಪರವಾಗಿ ಆ ಬಿಲ್‌ಗಳ, ಲೆಡ್ಜರಿನ ಪ್ರತಿಗೆ ಸಹಿ ಮಾಡಿ ಹಾಜರುಪಡಿಸಬೇಕಾದವಳು ನಾನೇ ಅಂತ ಅವರಿಗೆ ಗೊತ್ತಿತ್ತು. ಮುಂದಿನ ತಾರೀಕಿಗೆ ಮೂಲ ವೋಚರ್‌ಗಳನ್ನೂ ತರಲು ಹೇಳಿದ್ದಾರೆ.